ಮಾಸ್ತರು ಹಂಚಿದ ಹಾಳೆಗೆ ಮಗು ‘ಬೇಡ’ ಎನ್ನಬಹುದೇ?

ಹೀಗೊಂದು ದೃಶ್ಯವನ್ನು ಕಲ್ಪಿಸಿಕೊಳ್ಳಿ. ಸೇಡಂ ತಾಲ್ಲೂಕಿನ ಒಂದು ಪ್ರೌಢಶಾಲೆ, ಒಂಬತ್ತನೆಯ ತರಗತಿ. ಊಟದ ಬಿಡುವು ಮುಗಿದು ಗಣಿತದ ಪೀರಿಯಡ್ ಶುರುವಾಗಬೇಕು. ಅಷ್ಟರಲ್ಲಿ ಹೆಡ್‌ಮಾಸ್ತರರ ಹಿಂದೆ ಪರಊರಿನವರೊಬ್ಬರು ಒಳಗೆ ಬರುತ್ತಾರೆ. ಕೈಯಲ್ಲಿ ಝೆರಾಕ್ಸ್ ಹಾಳೆಗಳ ಕಟ್ಟು. “ಇವರು ವಿದ್ಯಾರ್ಥಿಗಳ ಮನಸ್ಸಿನ ಮ್ಯಾಲ ರಿಸರ್ಚ್ ಮಾಡ್ಲತ್ಯಾರ. ಎಲ್ಲಾರೂ ಸರಿಯಾಗಿ ತುಂಬಿ ಕೊಡ್ರಿ” ಎಂದು ಹೇಳಿ ಹೆಡ್‌ಮಾಸ್ತರರು ಹೊರಟುಹೋಗುತ್ತಾರೆ. ಹಾಳೆ ಹಂಚಿಕೆಯಾಗುತ್ತದೆ. ಹಿಂದಿನ ಬೆಂಚಿನಿಂದ ಒಂದು ದನಿ: “ಸರ್, ಇದಕ್ಕ ಮಾರ್ಕ್ಸ್ ಎಷ್ಟ್ರಿ?” ತರಗತಿ ನಗುತ್ತದೆ. ಇನ್ನೊಂದು ದನಿ: “ಹೆಸರು ಬರೀಬೇಕೇನ್ರಿ ಸರ್?” “ಬರೀರಿ, ಬರೀರಿ. ರೋಲ್ ನಂಬರೂ ಹಾಕ್ರಿ.”

ಹಾಳೆಯಲ್ಲಿ ಅರವತ್ತು ವಾಕ್ಯಗಳು. ಪ್ರತಿಯೊಂದರ ಮುಂದೆ ‘ಹೌದು’, ‘ಇಲ್ಲ’, ‘ಹೇಳಲಾರೆ’ ಎಂಬ ಮೂರು ಮನೆಗಳು. ಮೊದಲ ಹತ್ತು ಸುಲಭ. ಹನ್ನೆರಡನೆಯದು, ‘ತಂದೆ ಕುಡಿದು ಬಂದಾಗ ನನಗೆ ಹೆದರಿಕೆಯಾಗುತ್ತದೆ’. ಮೂವತ್ತನಾಲ್ಕನೆಯದು, ‘ಬದುಕುವುದೇ ಬೇಡ ಎಂದು ನನಗೆ ಅನಿಸಿದ್ದುಂಟು’. ಮೂರನೆಯ ಬೆಂಚಿನ ಹುಡುಗಿಯೊಬ್ಬಳ ಪೆನ್ನು ಅಲ್ಲಿ ನಿಂತುಬಿಡುತ್ತದೆ. ಪಕ್ಕದವಳ ಕಣ್ಣು ಇವಳ ಹಾಳೆಯ ಮೇಲಿದೆ. ನಿಜ ಬರೆದರೆ ಅದನ್ನು ಯಾರು ಓದುತ್ತಾರೆ? ಖಾಲಿ ಬಿಟ್ಟರೆ ಸರ್ ಬೈಯುತ್ತಾರೆಯೇ? ಹಾಳೆಯನ್ನೇ ತಿರುಗಿ ಕೊಟ್ಟು ‘ನನಗೆ ಇದು ಬೇಡ’ ಎನ್ನಬಹುದೇ?

ಎನ್ನಬಹುದು. ಹಾಗೆನ್ನುವ ಹಕ್ಕು ಅವಳಿಗೆ ಇದೆ. ಅಷ್ಟೇ ಅಲ್ಲ, ಆ ಹಕ್ಕು ಇದೆ ಎಂಬುದನ್ನು ಹಾಳೆ ಕೊಡುವ ಮೊದಲೇ ಅವಳಿಗೆ ತಿಳಿಸುವುದು ಹಾಳೆ ತಂದವರ ಕರ್ತವ್ಯ. ಈ ಮಾತು ಪಾಲಕರಲ್ಲಿ ಎಷ್ಟು ಮಂದಿಗೆ ಗೊತ್ತು? ಶಿಕ್ಷಕರಲ್ಲಿಯೂ ಅನೇಕರಿಗೆ ಗೊತ್ತಿರಲಾರದು. ಮನಸ್ಸಿನ ಅಧ್ಯಯನಕ್ಕೆ ಒಳಗಾಗುವವರನ್ನು ಕಾಪಾಡಲು ಜಗತ್ತಿನಲ್ಲಿಯೂ ನಮ್ಮ ದೇಶದಲ್ಲಿಯೂ ನಿಯಮಗಳಿವೆ. ಅವು ಬಂದದ್ದು ಹೇಗೆ, ಅವು ಹೇಳುವುದು ಏನು ಎಂಬುದನ್ನು ತಿಳಿದುಕೊಳ್ಳುವುದು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಅಗತ್ಯ.

ಲಿಟ್ಮಸ್ ಕಾಗದವಲ್ಲ

ಪ್ರಯೋಗಶಾಲೆಯಲ್ಲಿ ಆಮ್ಲಕ್ಕೆ ಅದ್ದುವ ಮೊದಲು, ಕೆಂಪಾಗಲು ಇಷ್ಟವೇ ಎಂದು ಲಿಟ್ಮಸ್ ಕಾಗದವನ್ನು ಯಾರೂ ಕೇಳುವುದಿಲ್ಲ. ಮನೋವಿಜ್ಞಾನದ ಪ್ರಯೋಗದಲ್ಲಿ ಅದ್ದಲ್ಪಡುವುದು ಮನುಷ್ಯನ ಮನಸ್ಸು. ಅಲ್ಲಿ ಅಳೆಯುವ ಕ್ರಿಯೆಯೇ ಅಳೆಯಲ್ಪಡುವುದನ್ನು ಬದಲಿಸಿಬಿಡಬಹುದು. ಅದೂ ಕೆಲವೊಮ್ಮೆ ಮತ್ತೆ ಮೊದಲಿನಂತಾಗದ ಹಾಗೆ.

1920ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಜಾನ್ ವಾಟ್ಸನ್ ಹಾಗೂ ರೊಸಾಲಿ ರೇನರ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಇನ್ನೂ ವರ್ಷ ತುಂಬದ ಒಂದು ಕೂಸಿಗೆ ಬಿಳಿ ಇಲಿಯನ್ನು ತೋರಿಸಿದಾಗಲೆಲ್ಲ ಹಿಂದಿನಿಂದ ಕಬ್ಬಿಣದ ಸಲಾಕೆಗೆ ಸುತ್ತಿಗೆಯಿಂದ ಬಡಿದು ಬೆಚ್ಚಿಬೀಳಿಸಿದರು. ಮೊದಲು ಇಲಿಯ ಜೊತೆ ಆಡುತ್ತಿದ್ದ ಕೂಸು ಕ್ರಮೇಣ ಇಲಿಯನ್ನು ಕಂಡರೇ ಅಳತೊಡಗಿತು. ಭಯವನ್ನು ಕಲಿಸಬಹುದು ಎಂಬುದು ಸಿದ್ಧವಾಯಿತು. ಕಲಿಸಿದ ಭಯವನ್ನು ಬಿಡಿಸುವ ಮೊದಲೇ ತಾಯಿ ಕೂಸನ್ನು ಕರೆದುಕೊಂಡು ಹೊರಟುಹೋದಳು.

ಇದಕ್ಕಿಂತ ಮನಸ್ಸು ಕಲಕುವಂಥದು 1939ರಲ್ಲಿ ಅದೇ ದೇಶದ ಅಯೋವಾ ರಾಜ್ಯದಲ್ಲಿ ನಡೆಯಿತು. ಉಗ್ಗು ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿಯಲು ವೆಂಡೆಲ್ ಜಾನ್ಸನ್ ಎಂಬ ಪ್ರಾಧ್ಯಾಪಕರ ಮಾರ್ಗದರ್ಶನದಲ್ಲಿ ಮೇರಿ ಟ್ಯೂಡರ್ ಎಂಬ ವಿದ್ಯಾರ್ಥಿನಿ ಡೇವನ್‌ಪೋರ್ಟ್ ಪಟ್ಟಣದ ಅನಾಥಾಲಯದ 22 ಮಕ್ಕಳನ್ನು ಆರಿಸಿಕೊಂಡಳು. ಅವರಲ್ಲಿ ಸರಿಯಾಗಿಯೇ ಮಾತನಾಡುತ್ತಿದ್ದ ಕೆಲವರಿಗೆ, ನಿನಗೆ ಉಗ್ಗು ಶುರುವಾಗುತ್ತಿದೆ, ಜೋಪಾನವಾಗಿ ಮಾತಾಡು, ಸರಿಯಾಗಿ ಬಾರದಿದ್ದರೆ ಬಾಯಿಯೇ ತೆರೆಯಬೇಡ ಎಂದು ತಿಂಗಳುಗಟ್ಟಲೆ ಹೇಳುತ್ತ ಬರಲಾಯಿತು. ಆ ಮಕ್ಕಳು ಮಾತನ್ನೇ ಕಡಿಮೆ ಮಾಡಿದರು, ತರಗತಿಯಲ್ಲಿ ಹಿಂಜರಿದರು. ಪ್ರಯೋಗ ಮುಗಿದ ಮೇಲೆ ಟ್ಯೂಡರ್‌ಗೂ ಕಳವಳವಾಗಿ ಮತ್ತೆ ಹೋಗಿ ಸರಿಪಡಿಸಲು ಯತ್ನಿಸಿದಳು. ಪೂರ್ತಿ ಆಗಲಿಲ್ಲ. ಅಯೋವಾ ವಿಶ್ವವಿದ್ಯಾನಿಲಯ ಬಹಿರಂಗವಾಗಿ ಕ್ಷಮೆ ಕೇಳಿದ್ದು 2001ರಲ್ಲಿ. 2007ರಲ್ಲಿ ಆ ಮಕ್ಕಳ ಪೈಕಿ ಆರು ಮಂದಿಯ ಪರವಾಗಿ 9 ಲಕ್ಷ 25 ಸಾವಿರ ಡಾಲರ್ ಪರಿಹಾರಕ್ಕೆ ರಾಜ್ಯ ಸರಕಾರ ಒಪ್ಪಿತು. ಅಷ್ಟರಲ್ಲಿ ಅವರಲ್ಲಿ ಬದುಕಿದ್ದವರು ಮುದುಕರಾಗಿದ್ದರು.

ಅನಾಥಾಲಯವನ್ನೇ ಏಕೆ ಆರಿಸಿದರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕೇಳುವವರು ಯಾರೂ ಇರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿ ವೈದ್ಯರು ಸೆರೆಯಾಳುಗಳ ಮೇಲೆ ನಡೆಸಿದ ಕ್ರೂರ ಪ್ರಯೋಗಗಳ ವಿಚಾರಣೆಯಾಗಿ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಹೊರಬಂತು. ಸ್ವಇಚ್ಛೆಯ ಒಪ್ಪಿಗೆ ಇಲ್ಲದೆ ಮನುಷ್ಯನ ಮೇಲೆ ಪ್ರಯೋಗ ಸಲ್ಲದು ಎಂಬುದು ಅದರ ಮೊದಲ ಮಾತು. 1964ರಲ್ಲಿ ವೈದ್ಯರ ಹೆಲ್ಸಿಂಕಿ ಘೋಷಣೆ ಬಂತು. ಆದರೆ ನಿಯಮ ಬರೆದಾಕ್ಷಣ ಎಲ್ಲರೂ ಪಾಲಿಸುತ್ತಾರೆಯೇ? ಯೇಲ್ ವಿಶ್ವವಿದ್ಯಾನಿಲಯದಲ್ಲಿ 1961ರಲ್ಲಿ ಶುರುವಾದ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಪ್ರಯೋಗದಲ್ಲಿ, ಪಕ್ಕದ ಕೋಣೆಯಲ್ಲಿ ಕುಳಿತವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಅವನಿಗೆ ವಿದ್ಯುತ್ತಿನ ಶಾಕ್ ಕೊಡಬೇಕೆಂದು ಬಂದವರಿಗೆ ಹೇಳಲಾಯಿತು. ಮೊದಲ ಸುತ್ತಿನ 40 ಮಂದಿಯಲ್ಲಿ 26 ಮಂದಿ 450 ವೋಲ್ಟಿನವರೆಗೂ ಗುಂಡಿ ಒತ್ತಿದರು. ಶಾಕ್ ನಿಜವಾದದ್ದಲ್ಲ, ಕೂಗಾಡುತ್ತಿದ್ದವನು ನಟ. ಗುಂಡಿ ಒತ್ತಿದವರ ಬೆವರು, ನಡುಕ ಮಾತ್ರ ನಿಜವಾದವು. ಕೋಟು ಹಾಕಿಕೊಂಡ ದೊಡ್ಡವನೊಬ್ಬ ‘ಮುಂದುವರಿಸಿ’ ಎಂದರೆ ಸಾಮಾನ್ಯ ಮನುಷ್ಯ ‘ಆಗದು’ ಎನ್ನುವುದು ಎಷ್ಟು ಕಷ್ಟ ಎಂಬುದನ್ನು ಈ ಪ್ರಯೋಗ ತೋರಿಸಿತು. ಹಾಳೆ ಹಿಡಿದು ಕೂತ ಒಂಬತ್ತನೆಯ ತರಗತಿಯ ಹುಡುಗಿಯ ಕಷ್ಟವೂ ಅದೇ ಅಲ್ಲವೇ? 1971ರಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲಿ ನಡೆದ ಹುಸಿ ಜೈಲಿನ ಪ್ರಯೋಗ ಎರಡು ವಾರ ನಡೆಯಬೇಕಾಗಿತ್ತು. ಕಾವಲುಗಾರರ ವೇಷದ ವಿದ್ಯಾರ್ಥಿಗಳ ದರ್ಪ ಮಿತಿಮೀರಿದ್ದರಿಂದ ಆರೇ ದಿನಕ್ಕೆ ನಿಂತಿತು. ಇಂಥವೆಲ್ಲ ಸೇರಿ, ಮನುಷ್ಯನ ಗೌರವ, ಹಿತ, ನ್ಯಾಯ ಎಂಬ ಮೂರು ತತ್ತ್ವಗಳನ್ನು ಹೇಳುವ ಬೆಲ್ಮಂಟ್ ವರದಿ 1979ರಲ್ಲಿ ಪ್ರಕಟವಾಯಿತು.

ಧಾರವಾಡ, ಮೈಸೂರುಗಳಲ್ಲಿ

ಇದನ್ನೆಲ್ಲ ಓದಿ ಸಂಶೋಧನೆಯೆಂದರೇ ಕೆಡುಕು ಎಂದು ತಿಳಿಯಬಾರದು. ನಮ್ಮ ನಾಡಿನಲ್ಲಿ ಮನೋವಿಜ್ಞಾನಕ್ಕೆ ಒಳ್ಳೆಯ ಪರಂಪರೆಯೇ ಇದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಈ ವಿಭಾಗ ಆರಂಭವಾಯಿತು. ಧಾರವಾಡದಲ್ಲಿ ವಿ. ವಿ. ಕಾಮತರು ಫ್ರಾನ್ಸಿನ ಬಿನೆ ಅವರ ಬುದ್ಧಿಪರೀಕ್ಷೆಯನ್ನು ಕನ್ನಡ ಹಾಗೂ ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಮಾರ್ಪಡಿಸಿ, ಅಲ್ಲಿನ ಮಕ್ಕಳ ಮೇಲೆಯೇ ಪ್ರಯೋಗಿಸಿ ನೋಡಿ, 1940ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಬುದ್ಧಿ ಬೆಳವಣಿಗೆ ತಡವಾದ ಮಗುವನ್ನು ಪ್ರಮಾಣಪತ್ರಕ್ಕಾಗಿ ಆಸ್ಪತ್ರೆಗೆ ಕರೆದೊಯ್ದ ತಾಯಿಗೆ ಆ ಹೆಸರು ಪರಿಚಯವಿರಬಹುದು. ಎಂಬತ್ತು ತೊಂಬತ್ತು ವರ್ಷಗಳ ಹಿಂದೆ ಧಾರವಾಡದ ಮಕ್ಕಳು ಕುಳಿತು ಉತ್ತರ ಹೇಳದೇ ಇದ್ದಿದ್ದರೆ ಈ ಸಾಧನ ನಮಗೆ ಸಿಗುತ್ತಿರಲಿಲ್ಲ. ಅವರನ್ನು ಆಗ ಯಾರಾದರೂ ‘ನಿನಗೆ ಒಪ್ಪಿಗೆಯೇ’ ಎಂದು ಕೇಳುವ ಪದ್ಧತಿ ಜಗತ್ತಿನಲ್ಲಿಯೇ ಇನ್ನೂ ಬೇರೂರಿರಲಿಲ್ಲ.

ಆ ಪದ್ಧತಿ ಬಂದ ಮೇಲೆ ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ಮೈಸೂರಿನದೇ ಒಂದು ಉದಾಹರಣೆ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ (ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ) 1997-98ರಲ್ಲಿ 830 ಗರ್ಭಿಣಿಯರನ್ನು ಸೇರಿಸಿಕೊಂಡು ದೀರ್ಘಕಾಲದ ಅಧ್ಯಯನವೊಂದನ್ನು ಆರಂಭಿಸಿತು. ಪಾರ್ಥೆನಾನ್ ಅಧ್ಯಯನ ಎಂದು ಅದರ ಹೆಸರು. ಹುಟ್ಟಿದ ಮಕ್ಕಳನ್ನು ವರ್ಷ ವರ್ಷವೂ ಹಿಂಬಾಲಿಸಿ ತೂಕ, ಎತ್ತರ, ರಕ್ತದ ಸಕ್ಕರೆಗಳನ್ನು ನೋಡುತ್ತ ಬಂದರು. ಮಕ್ಕಳಿಗೆ 9-10 ವರ್ಷವಾದಾಗ 536 ಮಕ್ಕಳ ನೆನಪಿನ ಶಕ್ತಿ, ಏಕಾಗ್ರತೆ, ಮಾತಿನ ಸರಾಗತೆಗಳನ್ನು ಪರೀಕ್ಷಿಸಲಾಯಿತು. ಬಸುರಿಯಲ್ಲಿ ತಾಯಿಯ ರಕ್ತದಲ್ಲಿ ಫೋಲೇಟ್ ಎಂಬ ಜೀವಸತ್ವ ಹೆಚ್ಚಿದ್ದಲ್ಲಿ ಮಕ್ಕಳ ಅಂಕಗಳೂ ಮೇಲಿದ್ದವು ಎಂಬುದು 2010ರಲ್ಲಿ ಪ್ರಕಟವಾದ ಫಲಿತಾಂಶ. ಸೊಪ್ಪು, ಕಾಳು ತಿನ್ನಿರೆಂದು ಬಸುರಿಯರಿಗೆ ಹೇಳುವ ಅಜ್ಜಿಯ ಮಾತಿಗೆ ಇದು ವಿಜ್ಞಾನದ ಒಂದು ಸಣ್ಣ ಬೆಂಬಲ.

ಇಲ್ಲಿಯವರೆಗೆ ಸರಿ. ಆದರೆ ಮಕ್ಕಳಿಗೆ ಸುಮಾರು ಹದಿಮೂರೂವರೆ ವರ್ಷವಾದಾಗ ನಡೆದ ಪರೀಕ್ಷೆ ಬೇರೆ ಬಗೆಯದು. 213 ಮಕ್ಕಳು, ಒಬ್ಬೊಬ್ಬರಾಗಿ, ಪರಿಚಯವಿಲ್ಲದ ಇಬ್ಬರು ಪರೀಕ್ಷಕರ ಮುಂದೆ ನಿಂತು 5 ನಿಮಿಷ ಭಾಷಣ ಮಾಡಬೇಕು, ಮತ್ತೆ 5 ನಿಮಿಷ ಬಾಯಿಲೆಕ್ಕ ಮಾಡಬೇಕು. ಜರ್ಮನಿಯ ಟ್ರಿಯರ್ ಊರಿನ ಹೆಸರಿನ ಈ ಪರೀಕ್ಷೆಯ ಉದ್ದೇಶವೇ ಮಗುವಿಗೆ ತುಸು ಒತ್ತಡ ತರುವುದು. ಒತ್ತಡದಲ್ಲಿ ಎಂಜಲಿನಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಎಷ್ಟು ಏರುತ್ತದೆ, ಹೃದಯ ಹೇಗೆ ಬಡಿದುಕೊಳ್ಳುತ್ತದೆ ಎಂದು ಅಳೆದರು. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದ್ದ ತಾಯಂದಿರ ಮಕ್ಕಳಲ್ಲಿ ಒತ್ತಡಕ್ಕೆ ಹೃದಯದ ಪ್ರತಿಕ್ರಿಯೆ ಹೆಚ್ಚಾಗಿತ್ತು ಎಂದು 2015ರಲ್ಲಿ ಪ್ರಕಟಿಸಿದರು. ಮುಂದೆ ಬರಬಹುದಾದ ಹೃದ್ರೋಗವನ್ನು ಅರಿಯಲು ಬೇಕಾದ ತಿಳಿವಳಿಕೆಯೇ. ಆದರೂ ಮಗುವಿನ ಎದೆ ಬೇಕೆಂದೇ ಹೊಡೆದುಕೊಳ್ಳುವಂತೆ ಮಾಡಲು ನಮಗೆ ಹಕ್ಕುಂಟೇ?

ಇಲ್ಲಿಯೇ ನಿಯಮಗಳ ಬೆಲೆ ತಿಳಿಯುವುದು. ಒತ್ತಡ ಎಷ್ಟು? ಶಾಲೆಯ ಭಾಷಣ ಸ್ಪರ್ಧೆಯಲ್ಲಿ, ಬೋರ್ಡಿನ ಮುಂದೆ ಲೆಕ್ಕ ಬಿಡಿಸುವಾಗ ಆಗುವಷ್ಟೇ. ಎಷ್ಟು ಹೊತ್ತು? ಹತ್ತು ನಿಮಿಷ. ತಂದೆತಾಯಿಯ ಒಪ್ಪಿಗೆ ಬರಹದಲ್ಲಿ ಪಡೆಯಲಾಯಿತು. ಅದು ಸಾಲದೆಂದು ಮಗುವಿನ ಒಪ್ಪಿಗೆಯನ್ನೂ ಪ್ರತ್ಯೇಕವಾಗಿ ಕೇಳಲಾಯಿತು. ಆಸ್ಪತ್ರೆಯ ನೈತಿಕ ಸಮಿತಿ ಮೊದಲೇ ಪರಿಶೀಲಿಸಿ ಅನುಮತಿ ಕೊಟ್ಟಿತ್ತು. ಮಕ್ಕಳಿಗಾಗಿ ಹೊಂದಿಸಿದ ಈ ಪರೀಕ್ಷೆಯ ಕ್ರಮದಲ್ಲಿಯೇ ಕೊನೆಗೊಂದು ಮುಖ್ಯ ಹಂತವಿದೆ: ಎಲ್ಲ ಮುಗಿದ ಮೇಲೆ ಮಗುವನ್ನು ಕೂಡಿಸಿಕೊಂಡು, ಇದು ಎಲ್ಲರಿಗೂ ಕಷ್ಟವಾಗುವಂತೆಯೇ ಮಾಡಿದ್ದು, ನೀನು ಚೆನ್ನಾಗಿಯೇ ಮಾಡಿದೆ ಎಂದು ತಿಳಿಸುವುದು. ಅಯೋವಾದ ಮಕ್ಕಳಿಗೆ ಯಾರೂ ಹೇಳದೆ ಉಳಿದ ಮಾತು ಇದು. ಮಗು ಬಂದಾಗ ಯಾವ ಮನಃಸ್ಥಿತಿಯಲ್ಲಿತ್ತೋ ಅದಕ್ಕಿಂತ ಕುಗ್ಗಿ ಮನೆಗೆ ಹೋಗಬಾರದು.

ರುಜು ಇದ್ದಮಾತ್ರಕ್ಕೆ ಒಪ್ಪಿಗೆಯಲ್ಲ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಈ ವಿಷಯದಲ್ಲಿ ಮೊದಲು 1980ರಲ್ಲಿ ನೀತಿ ಪ್ರಕಟಿಸಿತು. 2000, 2006, 2017ರಲ್ಲಿ ವಿಸ್ತಾರವಾದ ಮಾರ್ಗಸೂಚಿಗಳು ಬಂದವು. ಆರೋಗ್ಯಕ್ಕೆ ಸಂಬಂಧಿಸಿದ ಸಾಮಾಜಿಕ ಹಾಗೂ ನಡವಳಿಕೆಯ ಸಂಶೋಧನೆಗೆ 2017ರ ಮಾರ್ಗಸೂಚಿಯಲ್ಲಿ ಪ್ರತ್ಯೇಕ ಅಧ್ಯಾಯವೇ ಇದೆ. ಮಕ್ಕಳ ಮೇಲಿನ ಸಂಶೋಧನೆಗೆ ಅದೇ ವರ್ಷ ಬೇರೊಂದು ಪುಸ್ತಿಕೆ ಬಂತು. ಒಂದು ಸ್ವಾರಸ್ಯ ನೋಡಿ: 2000ದ ಮಾರ್ಗಸೂಚಿಯ ಶೀರ್ಷಿಕೆಯಲ್ಲಿ ಜನರನ್ನು ‘ಸಬ್ಜೆಕ್ಟ್‌’ಗಳೆಂದು ಕರೆದಿದ್ದರೆ, 2006ರ ಹೊತ್ತಿಗೆ ಅವರು ಪಾಲ್ಗೊಳ್ಳುವವರು, ಅಂದರೆ ‘ಪಾರ್ಟಿಸಿಪೆಂಟ್‌’ಗಳಾದರು. ಪ್ರಜೆ ಪಾಲುದಾರನಾದ ಹಾಗೆ.

ಈ ಮಾರ್ಗಸೂಚಿಯ ಪ್ರಕಾರ 18 ತುಂಬದವರ ಪರವಾಗಿ ತಂದೆ ಅಥವಾ ತಾಯಿ ಸಮ್ಮತಿ ಕೊಡಬೇಕು. ಜೊತೆಗೆ 7ರಿಂದ 12 ವರ್ಷದ ಮಗುವಿನ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ, 12ರಿಂದ 18ರವರೆಗೆ ಬರಹದಲ್ಲಿ ಪಡೆಯಬೇಕು. ಒಪ್ಪಿದ ಮೇಲೆ ಅರ್ಧಕ್ಕೆ ಬಿಟ್ಟು ಬರುವುದಕ್ಕೂ ಸ್ವಾತಂತ್ರ್ಯವಿದೆ. ಕಾರಣ ಹೇಳಬೇಕಿಲ್ಲ, ಅದಕ್ಕಾಗಿ ಯಾವ ಸೌಲಭ್ಯವನ್ನೂ ಕಿತ್ತುಕೊಳ್ಳುವಂತಿಲ್ಲ. ಅಧ್ಯಯನ ಯಾವುದಕ್ಕೆ, ಎಷ್ಟು ಸಮಯ ಹಿಡಿಯುತ್ತದೆ, ತೊಂದರೆ ಏನಾಗಬಹುದು, ಉತ್ತರಗಳನ್ನು ಯಾರು ನೋಡುತ್ತಾರೆ ಎಂಬುದನ್ನೆಲ್ಲ ಮೊದಲೇ ತಿಳಿಸಬೇಕು. ಓದು ಬಾರದವರಾದರೆ ಸಂಶೋಧಕರಿಗೆ ಸಂಬಂಧಪಡದ, ಓದುಬಲ್ಲ ಒಬ್ಬ ಸಾಕ್ಷಿಯ ಎದುರು ವಿವರಿಸಿ ಹೆಬ್ಬೆಟ್ಟು ಪಡೆಯಬೇಕು. ಸಮುದಾಯದ ಹಿರಿಯರು ಅನುಮತಿ ಕೊಟ್ಟರೂ ಪ್ರತಿಯೊಬ್ಬನ ಒಪ್ಪಿಗೆಯನ್ನು ಬೇರೆಯಾಗಿಯೇ ಕೇಳಬೇಕು.

ಈ ಕೊನೆಯ ಮಾತನ್ನು ಶಾಲೆಗೆ ಅನ್ವಯಿಸಿ ನೋಡಿದರೆ, ಹೆಡ್‌ಮಾಸ್ತರರ ‘ಆಯ್ತು ಮಾಡಿಕೊಳ್ರಿ’ ಎಂಬುದು ಶಾಲೆಯ ಗೇಟಿನೊಳಗೆ ಬರಲು ಅನುಮತಿ ಅಷ್ಟೇ. ಮಗುವಿನ ಮನಸ್ಸಿನೊಳಗೆ ಬರಲು ಅದು ಸಾಲದು.

ಮಾರ್ಗಸೂಚಿ ಇನ್ನೊಂದು ಸೂಕ್ಷ್ಮವನ್ನೂ ಗುರುತಿಸಿದೆ. ಮೇಲಿನವರ ಅಧೀನದಲ್ಲಿ ಇರುವವರನ್ನು (ವಿದ್ಯಾರ್ಥಿಗಳು, ನೌಕರರು, ಕೈದಿಗಳು) ಹೆಚ್ಚಿನ ರಕ್ಷಣೆ ಬೇಕಾದವರ ಸಾಲಿಗೆ ಅದು ಸೇರಿಸುತ್ತದೆ. ವಾಡಿಯ ಸಿಮೆಂಟ್ ಕಾರ್ಖಾನೆಯಂಥ ಯಾವುದೇ ಕಾರ್ಖಾನೆಯಲ್ಲಿ ‘ಕಾರ್ಮಿಕರ ಮಾನಸಿಕ ಒತ್ತಡ’ ಎಂಬ ಅಧ್ಯಯನ ನಡೆಯುತ್ತದೆ ಎಂದಿಟ್ಟುಕೊಳ್ಳಿ. ಪ್ರಶ್ನಾವಳಿಯನ್ನು ಹಂಚುವವರು ಸೂಪರ್‌ವೈಜರ್ ಆದರೆ, ‘ನಿಮ್ಮ ಮೇಲಧಿಕಾರಿಯ ನಡವಳಿಕೆ ಹೇಗಿದೆ’ ಎಂಬ ಪ್ರಶ್ನೆಗೆ ಗುತ್ತಿಗೆ ಕೂಲಿಯವನು ಏನೆಂದು ಉತ್ತರಿಸಿಯಾನು? ‘ಉತ್ತಮ’ ಎಂದೇ. ಅಲ್ಲಿಗೆ ಅವನಿಗೂ ರಕ್ಷಣೆಯಿಲ್ಲ, ಸಂಶೋಧನೆಗೂ ಸತ್ಯವಿಲ್ಲ. ಹೆದರಿದವನ ಉತ್ತರದಿಂದ ಕಟ್ಟಿದ ಅಂಕಿಅಂಶ ಎಷ್ಟು ಅಚ್ಚುಕಟ್ಟಾಗಿದ್ದರೂ ಸುಳ್ಳೇ ಸರಿ.

ನಾಲ್ಕು ನುಡಿಯ ಸೀಮೆ

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿನ ಕಡೆ ಹೊರಟ ರೈಲು ಚಿತ್ತಾಪುರ, ಸೇಡಂ ದಾಟಿ ತೆಲಂಗಾಣದ ತಾಂಡೂರಿಗೆ ಹೋಗುತ್ತದೆ. ಆ ಒಂದು ಡಬ್ಬಿಯಲ್ಲಿಯೇ ಕನ್ನಡ, ದಖನಿ ಉರ್ದು, ತೆಲುಗು ಮೂರೂ ಕಿವಿಗೆ ಬೀಳುತ್ತವೆ. ರೈಲಿಲ್ಲದ ಚಿಂಚೋಳಿಯ ಕಡೆಗೆ ಬಸ್ಸಿನಲ್ಲಿ ಹೋದರೆ ತಾಂಡಾಗಳ ಲಂಬಾಣಿಯೂ ಸೇರುತ್ತದೆ. ಇಂಥ ಸೀಮೆಯಲ್ಲಿ ಒಪ್ಪಿಗೆ ಪತ್ರ ಯಾವ ಭಾಷೆಯಲ್ಲಿರಬೇಕು? ಮಾರ್ಗಸೂಚಿ ಹೇಳುವುದು ಸರಳ: ಪಾಲ್ಗೊಳ್ಳುವವರಿಗೆ ತಿಳಿಯುವ ಭಾಷೆಯಲ್ಲಿ. ಶಾಲೆಯಲ್ಲಿ ಕನ್ನಡ ಓದುವ ತಾಂಡಾದ ಮಗುವಿಗೆ ಹಾಳೆ ಅರ್ಥವಾದೀತು. ಹೆಬ್ಬೆಟ್ಟು ಒತ್ತಬೇಕಾದ ತಾಯಿಗೆ ಅದನ್ನು ಲಂಬಾಣಿಯಲ್ಲಿ ಹೇಳುವವರು ಯಾರಾದರೂ ಬೇಕು. ಕೆಲಸಕ್ಕಾಗಿ ತಂದೆತಾಯಿ ಮುಂಬಯಿ, ಪುಣೆ, ಹೈದರಾಬಾದಿಗೆ ಹೋಗಿ ಮಗು ಹಾಸ್ಟೆಲಿನಲ್ಲಿದ್ದರೆ ತೊಡಕು ಇನ್ನೂ ಹೆಚ್ಚು. ಮೇಲ್ವಿಚಾರಕರ ರುಜು ಸುಲಭವಾಗಿ ಸಿಗುತ್ತದೆ ಎಂಬ ಕಾರಣಕ್ಕೆ ಅದನ್ನು ತಂದೆತಾಯಿಯ ರುಜುವೆಂದು ಲೆಕ್ಕ ಹಿಡಿಯುವುದು ಡೇವನ್‌ಪೋರ್ಟಿನ ದಾರಿಯೇ. ಇಂದು ಪ್ರತಿ ಮನೆಯಲ್ಲೂ ಮೊಬೈಲ್ ಇರುವಾಗ ಒಂದು ಕರೆ ಮಾಡಿ ವಿವರಿಸಲು ಅಡ್ಡಿಯೇನು?

ಪ್ರಶ್ನೆಗಳ ಅನುವಾದವೂ ಅಷ್ಟೇ ಮುಖ್ಯ. ಇಂಗ್ಲಿಷಿನ ಪ್ರಶ್ನಾವಳಿಯನ್ನು ಬೆಂಗಳೂರಿನ ಪುಸ್ತಕದ ಕನ್ನಡಕ್ಕೆ ಇಳಿಸಿ ‘ನೀವು ಖಿನ್ನತೆಯನ್ನು ಅನುಭವಿಸುವಿರಾ’ ಎಂದು ಕೇಳಿದರೆ ಶಹಾಬಾದಿನ ಎಂಟನೆಯ ತರಗತಿಯ ಹುಡುಗ ಪಕ್ಕದವನ ಮುಖ ನೋಡುತ್ತಾನೆ. ‘ಯಾವುದ್ರಾಗೂ ಮನಸ್ ಹತ್ತಲ್ಲೇನು’ ಎಂದರೆ ಅವನಿಗೆ ಗೊತ್ತು. ಒಳ್ಳೆಯ ಸಂಶೋಧಕರು ಒಬ್ಬರಿಂದ ಅನುವಾದ ಮಾಡಿಸಿ, ಮೂಲವನ್ನು ನೋಡದ ಇನ್ನೊಬ್ಬರಿಂದ ಅದನ್ನು ತಿರುಗಿ ಇಂಗ್ಲಿಷಿಗೆ ಮಾಡಿಸಿ ಎರಡನ್ನೂ ತಾಳೆ ನೋಡುತ್ತಾರೆ.

ಗುಟ್ಟಿನ ವಿಷಯವಂತೂ ಸಣ್ಣ ಊರುಗಳಲ್ಲಿ ಬಹು ಸೂಕ್ಷ್ಮ. ಹೆಸರು ಅಳಿಸಿದರೆ ಸಾಕೆಂದು ದೊಡ್ಡ ನಗರದಿಂದ ಬಂದವರು ತಿಳಿಯುತ್ತಾರೆ. ಆದರೆ ‘ಹುಡುಗಿ, 14 ವರ್ಷ, ಇಂಥ ತಾಂಡಾ, ತಂದೆ ಕಲ್ಲುಗಣಿಯಲ್ಲಿ ಕೆಲಸ, ತಾಯಿ ಇಲ್ಲ’ ಎಂದು ಬರೆದರೆ ಆ ಊರಿನ ಯಾರಿಗೆ ತಾನೆ ಗುರುತು ಸಿಗುವುದಿಲ್ಲ? ಕಾರ್ಖಾನೆಯ ಕಾಲೊನಿಯಲ್ಲಿ, ಫರ್ಶಿ ಪಾಲಿಶ್ ಮಾಡುವ ಓಣಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಅದಕ್ಕಾಗಿಯೇ ಪ್ರತಿ ಹಾಳೆಗೆ ಹೆಸರಿನ ಬದಲು ಸಂಕೇತ ಸಂಖ್ಯೆ ಹಾಕಿ, ಸಂಖ್ಯೆ ಮತ್ತು ಹೆಸರಿನ ಪಟ್ಟಿಯನ್ನು ಬೇರೆ ಕಡೆ ಬೀಗದಲ್ಲಿಡುವ ಕ್ರಮವಿದೆ. ಊರಿನ ಹೆಸರನ್ನೂ ವರದಿಯಲ್ಲಿ ಬಿಡುವುದುಂಟು. ತುಂಬಿದ ಹಾಳೆಗಳನ್ನು ಸ್ಟಾಫ್‌ರೂಮಿನ ಮೇಜಿನ ಮೇಲೆ ಬಿಟ್ಟು ಚಹಾಕ್ಕೆ ಹೋಗುವುದು ಸಣ್ಣ ಮರೆವು ಎನಿಸಬಹುದು. ಹಾಳೆಯಲ್ಲಿ ಹೆಸರಿರುವ ಮಗುವಿನ ಪಾಲಿಗೆ ಅದು ಸಣ್ಣದಲ್ಲ.

ಮೂವತ್ತನಾಲ್ಕನೆಯ ಪ್ರಶ್ನೆ

ಮೊದಲು ಹೇಳಿದ ಹುಡುಗಿಗೆ ಮರಳೋಣ. ಅವಳು ಧೈರ್ಯ ಮಾಡಿ ಮೂವತ್ತನಾಲ್ಕನೆಯ ವಾಕ್ಯಕ್ಕೆ ‘ಹೌದು’ ಎಂದು ಗುರುತು ಹಾಕಿದಳು ಎನ್ನೋಣ. ಹಾಳೆಗಳು ಕಟ್ಟಾಗಿ ಚೀಲ ಸೇರುತ್ತವೆ. ಎರಡು ತಿಂಗಳ ನಂತರ ಕಂಪ್ಯೂಟರಿನಲ್ಲಿ ಅವಳ ‘ಹೌದು’ ಒಂದು ಅಂಕಿಯಾಗುತ್ತದೆ. ಶೇಕಡಾ ಇಷ್ಟು ಎಂದು ಕೋಷ್ಟಕದಲ್ಲಿ ಸೇರುತ್ತದೆ. ಈ ಎರಡು ತಿಂಗಳಲ್ಲಿ ಅವಳೇನಾದಳು?

ಇಂಥ ಪ್ರಶ್ನೆ ಕೇಳುವುದೇ ತಪ್ಪು ಎಂಬ ವಾದ ಸರಿಯಲ್ಲ. ಕೇಳದೆ ಹೋದರೆ ಮಕ್ಕಳ ಸಂಕಟ ಯಾರಿಗೂ ತಿಳಿಯುವುದಿಲ್ಲ. ಆದರೆ ಕೇಳಿದವನಿಗೆ ಉತ್ತರದ ಹೊಣೆಯೂ ಬರುತ್ತದೆ. ಅಂದೇ ಸಂಜೆಯೊಳಗೆ ಹಾಳೆಗಳನ್ನು ನೋಡಿ, ಅಂಥ ಉತ್ತರವಿರುವ ಮಗುವನ್ನು ಗದ್ದಲವಿಲ್ಲದೆ ಬೇರೆಯಾಗಿ ಮಾತನಾಡಿಸಿ, ಆಪ್ತ ಸಮಾಲೋಚಕರ ಅಥವಾ ವೈದ್ಯರ ಬಳಿಗೆ ತಲುಪಿಸುವ ಏರ್ಪಾಟು ಇಲ್ಲದಿದ್ದರೆ ಆ ಪ್ರಶ್ನೆಯನ್ನು ಹಾಳೆಯಲ್ಲಿ ಹಾಕಲೇಬಾರದು. ಯೋಜನೆಯನ್ನು ಪರಿಶೀಲಿಸುವ ನೈತಿಕ ಸಮಿತಿ ಮೊದಲು ಕೇಳಬೇಕಾದ ಪ್ರಶ್ನೆ ಇದು. ಮಂಡಳಿಯ ನಿಯಮದಂತೆ ಅಂಥ ಸಮಿತಿಯಲ್ಲಿ 7ರಿಂದ 15 ಸದಸ್ಯರಿರಬೇಕು, ಅಧ್ಯಕ್ಷರು ಹೊರಗಿನವರಾಗಿರಬೇಕು, ಕಾನೂನು ಬಲ್ಲವರೊಬ್ಬರು, ವಿಜ್ಞಾನದವರಲ್ಲದ ಸಾಮಾನ್ಯ ನಾಗರಿಕರೊಬ್ಬರು ಇರಬೇಕು. ದೊಡ್ಡ ಆಸ್ಪತ್ರೆ, ಸಂಸ್ಥೆಗಳಲ್ಲಿ ಇದು ನಡೆಯುತ್ತದೆ. ಪದವಿಗಾಗಿ ತರಾತುರಿಯಲ್ಲಿ ಬರೆಯುವ ಸಣ್ಣ ಪ್ರಬಂಧಗಳ ಮೇಲೆ ಇಂಥ ಸಮಿತಿಯ ಕಣ್ಣು ಬೀಳದೆ ಹೋಗುವ ಸಂಭವವೇ ಹೆಚ್ಚು. ಅಲ್ಲಿ ಮಾರ್ಗದರ್ಶಕರ ವಿವೇಕವೇ ಕಾವಲು.

ಹಾಗೆಯೇ, ‘ನೀನು ಬರೆದದ್ದು ಯಾರಿಗೂ ಗೊತ್ತಾಗುವುದಿಲ್ಲ’ ಎಂದು ಮಗುವಿಗೆ ಪೂರ್ತಿ ಮಾತು ಕೊಡುವುದೂ ತಪ್ಪು. ಜೀವಕ್ಕೆ ಅಪಾಯವಿದ್ದರೆ ಗುಟ್ಟು ಮುರಿಯಲೇಬೇಕಾಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಈ ಎರಡು ಸಂದರ್ಭ ಬಿಟ್ಟು ಉಳಿದದ್ದೆಲ್ಲ ಗುಟ್ಟಾಗಿರುತ್ತದೆ ಎಂದು ಮೊದಲೇ ಹೇಳುವುದು ಪ್ರಾಮಾಣಿಕ ಮಾರ್ಗ. ಸಂಶೋಧನೆ ಇರಲಿ ಬಿಡಲಿ, ಮನಸ್ಸಿಗೆ ತಡೆಯಲಾಗದ ಸಂಕಟವಾದಾಗ ಯಾರಾದರೂ, ಯಾವ ಹೊತ್ತಿನಲ್ಲಾದರೂ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ಉಚಿತ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಆಧಾರ. ಮಕ್ಕಳಿಗೆ 1098 ಕೂಡ ಇದೆ.

ಮಾನಸಿಕ ಕಾಯಿಲೆ ಇರುವವರ ವಿಷಯದಲ್ಲಿ ಬರೀ ಮಾರ್ಗಸೂಚಿಯಲ್ಲ, ಕಾನೂನೇ ಇದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 99ನೆಯ ಕಲಮಿನಂತೆ, ಸಂಶೋಧನೆಗಾಗಿ ಅವರನ್ನು ಸಂದರ್ಶಿಸುವುದಕ್ಕೂ ತಿಳಿವಳಿಕೆಯಿಂದ ಕೂಡಿದ ಒಪ್ಪಿಗೆ ಬೇಕು.

ಮೊಬೈಲಿನೊಳಗಿನ ಪ್ರಯೋಗ

ಪರಊರಿನವರು ಹಾಳೆ ತಂದಾಗ ಕನಿಷ್ಠ ಮುಖವಾದರೂ ಕಾಣುತ್ತದೆ. 2012ರ ಜನವರಿಯಲ್ಲಿ ಒಂದು ವಾರ ಫೇಸ್‌ಬುಕ್ 6 ಲಕ್ಷ 89 ಸಾವಿರದ 3 ಮಂದಿಯ ಪುಟಗಳಲ್ಲಿ, ಅವರಿಗೆ ತಿಳಿಯದ ಹಾಗೆ, ಕೆಲವರಿಗೆ ಸಂತೋಷದ ಮಾತುಗಳನ್ನೂ ಕೆಲವರಿಗೆ ದುಃಖದ ಮಾತುಗಳನ್ನೂ ಕಡಿಮೆ ಮಾಡಿ ನೋಡಿತು. ಓದಿದವರ ಬರಹವೂ ಅದಕ್ಕೆ ತಕ್ಕಂತೆ ತುಸು ಬದಲಾಯಿತು ಎಂದು 2014ರಲ್ಲಿ ಪ್ರಕಟವಾದಾಗ ಜಗತ್ತಿನಾದ್ಯಂತ ಗದ್ದಲವೆದ್ದಿತು. ಖಾತೆ ತೆರೆಯುವಾಗ ಷರತ್ತುಗಳಿಗೆ ಒಪ್ಪಿದ್ದೀರಲ್ಲ ಎಂಬುದು ಸಮರ್ಥನೆಯಾಗಿತ್ತು. ಅಷ್ಟುದ್ದದ ಷರತ್ತನ್ನು ಓದಿದವರು ಯಾರು?

ಇಂದು ಪಿಯುಸಿ, ಪದವಿ ಓದುವ ವಿದ್ಯಾರ್ಥಿಗಳೇ ಪ್ರಾಜೆಕ್ಟಿಗಾಗಿ ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಅವರೂ ಸಂಶೋಧಕರೇ. ಫೋನ್ ನಂಬರನ್ನು ಕೇಳಲೇಬೇಕೇ? ಗೆಳತಿಯ ಉತ್ತರವನ್ನು ಇನ್ನೊಬ್ಬ ಗೆಳತಿಗೆ ತೋರಿಸಬಹುದೇ? ಪರೀಕ್ಷೆಯ ಹೆದರಿಕೆಯನ್ನು ಅಳೆಯಲು ‘ನೀನು ಫೇಲಾಗಿದ್ದಿ’ ಎಂದು ಸುಳ್ಳು ಹೇಳಿ ಗೆಳೆಯನ ನಾಡಿ ಎಣಿಸಿದರೆ, ತಮಾಷೆ ಎಂದು ತಿಳಿಸುವವರೆಗಿನ ಆ ಐದು ನಿಮಿಷದಲ್ಲಿ ಅವನ ಗತಿಯೇನು? ಇದನ್ನು ಯೋಚಿಸಿಯೇ ಫಾರ್ಮ್ ಕಳಿಸಬೇಕು.

ಪಾಲಕರು ಮಾಡಬೇಕಾದದ್ದು ಹೆಚ್ಚಿಲ್ಲ. ಶಾಲೆಯಿಂದ ಇಂಥ ಚೀಟಿ ಬಂದಾಗ ಓದದೆ ರುಜು ಹಾಕದಿರುವುದು, ಮಾಹಿತಿ ಪತ್ರದ ಒಂದು ಪ್ರತಿ ತಮ್ಮ ಬಳಿ ಇಟ್ಟುಕೊಳ್ಳುವುದು, ಸಂಶೋಧಕರ ಹೆಸರು ಮತ್ತು ಅನುಮತಿ ಕೊಟ್ಟ ಸಮಿತಿ ಯಾವುದು ಎಂದು ಕೇಳುವುದು, ಕೊನೆಗೆ ‘ನಿನಗ ಮನಸ್ಸೈತೇನು?’ ಎಂದು ಮಗುವನ್ನೇ ಕೇಳುವುದು. ಕೂಲಿ ಬಿಟ್ಟು ಬಂದವರಿಗೆ ಆ ದಿನದ ಕೂಲಿ, ಬಸ್ಸಿನ ಖರ್ಚು ಕೊಡುವುದು ನ್ಯಾಯವೇ. ಹಣದ ಆಸೆಗೆ ಅಪಾಯ ಮರೆಯುವಷ್ಟು ಕೊಡುವುದು ಮಾತ್ರ ಸಲ್ಲದು. ಸಂಶೋಧನೆ ಮುಗಿದ ಮೇಲೆ ಫಲಿತಾಂಶವೇನಾಯಿತು ಎಂದು ಕೇಳುವುದಕ್ಕೂ ಸಂಕೋಚಪಡಬೇಕಿಲ್ಲ. ಹಾಳೆ ತುಂಬಿಸಿಕೊಂಡು ಹೋದವರು ಮತ್ತೆ ಅದೇ ಶಾಲೆಗೆ ಬಂದು ‘ನಿಮ್ಮಿಂದ ಇದು ತಿಳಿಯಿತು’ ಎಂದು ಹೇಳಿದರೆ ಮುಂದಿನ ಸಲ ಮಕ್ಕಳು ಇನ್ನಷ್ಟು ಮನಬಿಚ್ಚಿ ಬರೆದಾರು.

ಮೈಸೂರಿನ ಆ ಮಕ್ಕಳು ಈಗ ಇಪ್ಪತ್ತೈದು ದಾಟಿದ್ದಾರೆ. ಹುಟ್ಟುವ ಮೊದಲೇ ಅವರ ಪರವಾಗಿ ತಾಯಂದಿರು ಒಪ್ಪಿದ್ದರು. ಒಂಬತ್ತರಲ್ಲಿ, ಹದಿಮೂರರಲ್ಲಿ ಮಕ್ಕಳನ್ನೂ ಕೇಳಲಾಯಿತು. ನಿಯಮದಂತೆ, 18 ತುಂಬಿದ ದಿನದಿಂದ ತಾಯಿಯ ರುಜುವಿಗೆ ಬೆಲೆಯಿಲ್ಲ. ಅಧ್ಯಯನದಲ್ಲಿ ಮುಂದುವರಿಯಬೇಕೋ ಬೇಡವೋ ಎಂದು ಅವರನ್ನೇ ಹೊಸದಾಗಿ ಕೇಳಬೇಕು.